ತಿರುವಿನ ಲೆಕ್ಕ: ಅಮೆರಿಕದ ವೇಗದ ರೈಲಿಗೆ ಒದಗಿರುವ ತೊಡಕುಗಳು

1934ನೆಯ ಇಸವಿ ಮೇ 26ರಂದು, ಬೆಳಕು ಹರಿಯುವ ಹೊತ್ತಿಗೆ, ಅಮೆರಿಕದ ಡೆನ್ವರ್ ನಗರದಿಂದ ಷಿಕಾಗೋ ನಗರಕ್ಕೆ ಒಂದು ಹೊಸ ರೈಲು ಹೊರಟಿತು. ಬರ್ಲಿಂಗ್ಟನ್ ಕಂಪನಿಯ ಆ ರೈಲಿನ ಹೆಸರು ‘ಜೆಫರ್’. ತುಕ್ಕು ಹಿಡಿಯದ ಉಕ್ಕಿನ ಮೈ, ಡೀಸೆಲ್ ಎಂಜಿನ್, ಒಟ್ಟು ಮೂರೇ ಡಬ್ಬಿಗಳು. ರಸ್ತೆಗಳು ಹಳಿಯನ್ನು ದಾಟುವೆಡೆಗಳಲ್ಲಿ ಕಾವಲುಗಾರರು ನಿಂತಿದ್ದರು. ಎಲ್ಲಿಯೂ ತಂಗದೆ 1,015 ಮೈಲಿಗಳನ್ನು 13 ಗಂಟೆ 5 ನಿಮಿಷಗಳಲ್ಲಿ ಕ್ರಮಿಸಿ ಅದು ಸಂಜೆಗೆ ಷಿಕಾಗೋ ಸೇರಿತು. ಸರಾಸರಿ ವೇಗ ಗಂಟೆಗೆ 77 ಮೈಲಿಗೂ ಮಿಗಿಲು. ಇಂದು ಆ ಎರಡು ನಗರಗಳ ನಡುವೆ ಓಡುವ, ಅದೇ ಹೆಸರನ್ನು ಉಳಿಸಿಕೊಂಡಿರುವ ರೈಲಿಗೆ 18 ಗಂಟೆಗಳಿಗೂ ಹೆಚ್ಚು ಕಾಲ ಹಿಡಿಯುತ್ತದೆ. ಅಂದಿನದು ಮೆರೆಸುವುದಕ್ಕಾಗಿ ಓಡಿಸಿದ ವಿಶೇಷ ಬಂಡಿ, ಇಂದಿನದು ಊರೂರಿನಲ್ಲಿ ನಿಂತು ಜನರನ್ನು ಹತ್ತಿಸಿಕೊಳ್ಳುವ ಬಂಡಿ. ಆದುದರಿಂದ ಹೋಲಿಕೆ ಪೂರ್ತಿ ನ್ಯಾಯವಾದುದಲ್ಲ. ಆದರೂ ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ದೇಶದಲ್ಲಿ ರೈಲು ಹೀಗೇಕೆ ಹಿಂದೆ ಬಿತ್ತು ಎಂಬ ಪ್ರಶ್ನೆ ಏಳದಿರದು.

ಅಮೆರಿಕನ್ನರಿಗೆ ಕಾರು ಮತ್ತು ವಿಮಾನಗಳೇ ಪ್ರಿಯವೆಂಬುದು ಸಾಮಾನ್ಯವಾಗಿ ದೊರೆಯುವ ಉತ್ತರ. ಅದು ಸುಳ್ಳಲ್ಲ. 1956ರ ಕಾಯಿದೆಯ ಮೂಲಕ ಸರಕಾರವು ಸುಮಾರು 41,000 ಮೈಲಿಗಳ ಹೆದ್ದಾರಿಗಳಿಗೆ ಹಣ ಸುರಿಯಿತು. ರೈಲುಕಂಪನಿಗಳು ಪ್ರಯಾಣಿಕರನ್ನು ಕಳೆದುಕೊಂಡು ಸರಕಿನತ್ತ ತಿರುಗಿದವು. ಆದರೆ ಭೌತಶಾಸ್ತ್ರದ ವಿದ್ಯಾರ್ಥಿಯು ಜನರ ಮನಸ್ಸಿಗಿಂತ ಮೊದಲು ಹಳಿಯನ್ನು ನೋಡುವುದು ಲೇಸು. ಅಲ್ಲಿ, ಹಳಿಯ ಬಾಗಿನಲ್ಲಿ, ಉತ್ತರದ ದೊಡ್ಡ ಪಾಲು ಅಡಗಿದೆ.

ದಾರದ ತುದಿಗೆ ಕಲ್ಲನ್ನು ಕಟ್ಟಿ ತಿರುಗಿಸಿದರೆ ಬೆರಳಿಗೆ ಎಳೆತ ತಿಳಿಯುವುದಷ್ಟೆ. ವೃತ್ತದಲ್ಲಿ ಸಾಗುವ ವಸ್ತುವನ್ನು ಒಳಕ್ಕೆ ಎಳೆಯುವ ಈ ಬಲವೇ ಕೇಂದ್ರಾಭಿಮುಖ ಬಲ. ಇದರಿಂದಾಗುವ ವೇಗೋತ್ಕರ್ಷವನ್ನು ತಿಳಿಯಲು ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಬೇಕು. ರೈಲು ತಿರುವಿನಲ್ಲಿ ಓಡುವಾಗ ಈ ಬಲವನ್ನು ಹಳಿಗಳೇ ಕೊಡಬೇಕಾಗುತ್ತದೆ. ಸೈಕಲ್ ಸವಾರನು ತಿರುವಿನಲ್ಲಿ ಒಳಕ್ಕೆ ವಾಲುವಂತೆ ಬಂಡಿಯೂ ವಾಲಲೆಂದು ಹೊರಗಿನ ಹಳಿಯನ್ನು ತುಸು ಎತ್ತರಿಸುತ್ತಾರೆ. ಅದನ್ನು 150 ಮಿಲಿಮೀಟರ್ ಎತ್ತರಿಸಿದರೆ ಸುಮಾರು 1 ಮೀಟರ್ ಪ್ರತಿ ಸೆಕೆಂಡ್ ವರ್ಗದಷ್ಟು ವೇಗೋತ್ಕರ್ಷ ಸರಿದೂಗುತ್ತದೆ. ಇನ್ನೊಂದು 0.6ರಷ್ಟನ್ನು ಪ್ರಯಾಣಿಕನು ತೂರಾಡದೆ ತಾಳಿಕೊಳ್ಳಬಲ್ಲನೆಂದು ಇಟ್ಟುಕೊಳ್ಳೋಣ. ಒಟ್ಟು 1.6.

ಈಗ ಲೆಕ್ಕ ಸುಲಭ. ಗಂಟೆಗೆ 50 ಮೈಲಿ ವೇಗವೆಂದರೆ ಸೆಕೆಂಡಿಗೆ 22.4 ಮೀಟರ್, ಇದಕ್ಕೆ ಬೇಕಾದ ತ್ರಿಜ್ಯ ಸುಮಾರು 310 ಮೀಟರ್. 100 ಮೈಲಿಗೆ 1,250 ಮೀಟರ್. 200 ಮೈಲಿಗೆ 5,000 ಮೀಟರ್. ವೇಗ ಇಮ್ಮಡಿಯಾದರೆ ತ್ರಿಜ್ಯವು ನಾಲ್ಮಡಿಯಾಗಬೇಕು. ಐದು ಕಿಲೋಮೀಟರ್ ತ್ರಿಜ್ಯದ ತಿರುವೆಂದರೆ ಕಣ್ಣಿಗೆ ಬಹುಮಟ್ಟಿಗೆ ನೇರವಾದ ದಾರಿಯೇ ಸರಿ. ನಡುವೆ ಮನೆ ಬಂದರೆ, ಕೆರೆ ಬಂದರೆ, ಸ್ಮಶಾನ ಬಂದರೆ, ಅದನ್ನು ಬಳಸಿ ಹೋಗುವ ಸ್ವಾತಂತ್ರ್ಯ ವೇಗದ ರೈಲಿಗಿಲ್ಲ.

ಈ ಲೆಕ್ಕವನ್ನು ಮೀರಿದರೆ ಆಗುವುದೇನೆಂಬುದು 2015ರ ಮೇ 12ರ ರಾತ್ರಿ ಫಿಲಡೆಲ್ಫಿಯದ ಫ್ರಾಂಕ್‌ಫರ್ಡ್ ಕೂಡುಹಾದಿಯಲ್ಲಿ ಕಂಡಿತು. 50 ಮೈಲಿಯ ಮಿತಿಯಿದ್ದ ತಿರುವನ್ನು ರೈಲೊಂದು 106 ಮೈಲಿ ವೇಗದಲ್ಲಿ ಹೊಕ್ಕಿತು. ವೇಗ ಎರಡರಷ್ಟಕ್ಕೂ ತುಸು ಮಿಗಿಲಾದುದರಿಂದ ಬೇಕಾದ ಬಲ ಸುಮಾರು ನಾಲ್ಕೂವರೆಯಷ್ಟು. ಬಂಡಿ ಹಳಿ ತಪ್ಪಿ ಎಂಟು ಮಂದಿ ಮಡಿದರು. ವೇಗವನ್ನು ತಾನಾಗಿ ತಗ್ಗಿಸುವ ಸಾಧನವು ಆ ದಿಕ್ಕಿನ ಹಳಿಗೆ ಆಗಿನ್ನೂ ಬಂದಿರಲಿಲ್ಲ.

ಸಾಧನದ ಮಾತು ಬಂದುದರಿಂದ ಹಳೆಯದೊಂದು ಸಂಗತಿಯನ್ನು ಹೇಳಬೇಕು. 1946ರಲ್ಲಿ ಇಲಿನಾಯ್ ಸಂಸ್ಥಾನದ ನೇಪರ್‌ವಿಲ್ ಎಂಬಲ್ಲಿ, ಜೆಫರ್ ಓಡಿದ ಅದೇ ಹಾದಿಯಲ್ಲಿ, ನಿಂತಿದ್ದ ರೈಲಿಗೆ ಹಿಂದಿನಿಂದ ಇನ್ನೊಂದು ರೈಲು ಬಡಿದು 45 ಜನ ಸತ್ತರು. ಮರುವರ್ಷ ಸರಕಾರವು ವಿಧಿಸಿದ ನಿಯಮದಂತೆ, ಗಂಟೆಗೆ 80 ಮೈಲಿ ಅಥವಾ ಅದಕ್ಕೂ ವೇಗವಾಗಿ ಓಡಿಸುವ ಹಾದಿಗೆ ಚಾಲಕನ ಕೊಠಡಿಯಲ್ಲೇ ಸಂಕೇತ ತೋರಿಸುವ ಅಥವಾ ಬಂಡಿಯನ್ನು ತಾನಾಗಿ ನಿಲ್ಲಿಸುವ ವ್ಯವಸ್ಥೆ ಇರಲೇಬೇಕಾಯಿತು. ನಿಯಮ ಒಳ್ಳೆಯದೇ. ಆದರೆ ಹೆಚ್ಚಿನ ಕಂಪನಿಗಳು ಸಾಧನಕ್ಕೆ ಹಣ ಹೂಡುವ ಬದಲು ವೇಗವನ್ನು 79 ಮೈಲಿಗೆ ಇಳಿಸಿಬಿಟ್ಟವು! ಆ 79 ಎಂಬ ಸಂಖ್ಯೆ ಇಂದಿಗೂ ಅಮೆರಿಕದ ಬಹುಪಾಲು ಹಾದಿಗಳ ಮೇಲೆ ಕುಳಿತಿದೆ.

ಪ್ರಯಾಣಿಕರ ರೈಲುಗಳನ್ನು 1971ರಿಂದ ‘ಆಮ್‌ಟ್ರಾಕ್’ ಎಂಬ ಸಂಸ್ಥೆ ನಡೆಸುತ್ತಿದೆಯಾದರೂ, ಅವು ಓಡುವ ಹಳಿಗಳು ಬಹುಮಟ್ಟಿಗೆ ಸರಕಿನ ಕಂಪನಿಗಳ ಸ್ವತ್ತು. ಇಲ್ಲಿಯೂ ತಿರುವಿನ ಲೆಕ್ಕವೇ ಅಡ್ಡ ಬರುತ್ತದೆ. ವೇಗದ ರೈಲಿಗೆ ಹೊರಹಳಿ ಎತ್ತರವಾಗಿರಬೇಕು. ನಿಧಾನವಾಗಿ ತೆವಳುವ ಭಾರದ ಸರಕುಬಂಡಿಯು ಅಂಥ ಹಳಿಯ ಮೇಲೆ ಒಳಕ್ಕೆ ಒರಗಿ ಒಳಹಳಿಯನ್ನು ಸವೆಸುತ್ತದೆ. ಒಂದೇ ಹಳಿ ಇಬ್ಬರಿಗೂ ಹೊಂದುವುದಿಲ್ಲ. ಹಳಿಯ ಒಡೆಯನು ತನ್ನ ಬಂಡಿಗೆ ಹೊಂದುವಂತೆಯೇ ಅದನ್ನು ಇಟ್ಟುಕೊಳ್ಳುತ್ತಾನೆ.

ಇದಕ್ಕೆ ದೊಡ್ಡ ಅಪವಾದ ವಾಷಿಂಗ್ಟನ್, ನ್ಯೂಯಾರ್ಕ್, ಬಾಸ್ಟನ್ ನಗರಗಳನ್ನು ಕೂಡಿಸುವ 457 ಮೈಲಿಗಳ ಈಶಾನ್ಯ ಹಾದಿ. ಅದರ ಹೆಚ್ಚಿನ ಭಾಗ ಆಮ್‌ಟ್ರಾಕಿನದೇ. 2000ದ ಡಿಸೆಂಬರಿನಲ್ಲಿ ಇಲ್ಲಿ ‘ಅಸೇಲಾ’ ರೈಲು ಆರಂಭವಾಯಿತು. ಅದರ ಗರಿಷ್ಠ ವೇಗ 150 ಮೈಲಿ. 2025ರ ಆಗಸ್ಟಿನಲ್ಲಿ ಬಂದ ಹೊಸ ಅಸೇಲಾದ್ದು 160. ಆದರೆ ಬಾಲ್ಟಿಮೋರಿನ ನೆಲದಡಿಯಲ್ಲಿ 1873ರಲ್ಲಿ ತೆರೆದ ಸುರಂಗವೊಂದಿದೆ. ಅದರೊಳಗಿನ ಬಿಗಿಯಾದ ತಿರುವಿನ ಕಾರಣ ಅಲ್ಲಿ ವೇಗ 30 ಮೈಲಿ ಮಾತ್ರ.

ವಿದ್ಯಾರ್ಥಿಗಳು ಕಾಗದ ಪೆನ್ಸಿಲು ತೆಗೆದುಕೊಳ್ಳಲಿ. ಎರಡು ಮೈಲಿಯನ್ನು 30 ಮೈಲಿ ವೇಗದಲ್ಲಿ ದಾಟಲು 4 ನಿಮಿಷ ಬೇಕು. 150ರ ವೇಗದಲ್ಲಾದರೆ 48 ಸೆಕೆಂಡು ಸಾಕು. ನಷ್ಟವಾದುದು 192 ಸೆಕೆಂಡು. ಬೇರೆಡೆಯಲ್ಲಿ ವೇಗವನ್ನು 150ರಿಂದ 160ಕ್ಕೆ ಏರಿಸಿ ಈ ನಷ್ಟವನ್ನು ತುಂಬಿಕೊಳ್ಳುವೆವೆಂದರೆ, ಮೈಲಿಗೆ ಉಳಿಯುವುದು ಒಂದೂವರೆ ಸೆಕೆಂಡು. ಅಂದರೆ 128 ಮೈಲಿ ಉದ್ದಕ್ಕೂ ಹಾಗೆ ಓಡಿಸಬೇಕು! ಪತ್ರಿಕೆಗಳು ಗರಿಷ್ಠ ವೇಗವನ್ನು ದಪ್ಪಕ್ಷರಗಳಲ್ಲಿ ಅಚ್ಚುಹಾಕುತ್ತವೆ. ಪ್ರಯಾಣದ ಕಾಲವನ್ನು ನಿರ್ಧರಿಸುವುದು ಕನಿಷ್ಠ ವೇಗ. ಆ ಸುರಂಗಕ್ಕೆ ಬದಲಾಗಿ ಹೊಸದನ್ನು ತೋಡುವ ಕೆಲಸ 2023ರಲ್ಲಿ ಆರಂಭವಾಯಿತು. ಹೊಸ ಬಂಡಿಗಿಂತ ಇದು ಹೆಚ್ಚಿನ ಸುದ್ದಿಯೆಂದು ನನ್ನ ಎಣಿಕೆ.

ಹಾಗಾದರೆ ತಿರುವುಗಳನ್ನೆಲ್ಲ ನೇರ ಮಾಡಬಾರದೇಕೆ? ಕನೆಟಿಕಟ್ ಸಂಸ್ಥಾನದಲ್ಲಿ ಹಾದಿಯು ಸಮುದ್ರತೀರದ ಅಂಕುಡೊಂಕನ್ನೇ ಅನುಸರಿಸಿದೆ. ಅದನ್ನು ಬಿಟ್ಟು ಸುಮಾರು 50 ಮೈಲಿಗಳ ನೇರವಾದ ಹೊಸ ಹಾದಿಯನ್ನು ಹಾಕಬೇಕೆಂದು ಕೇಂದ್ರ ರೈಲು ಇಲಾಖೆ ಯೋಚಿಸಿತು. ಆ ಗೆರೆ ಓಲ್ಡ್ ಲೈಮ್ ಎಂಬ ಹಳೆಯ ಊರನ್ನು ಹಾಯುತ್ತಿತ್ತು. ಒಂದು ಕಾಲದಲ್ಲಿ ಚಿತ್ರಕಾರರು ನೆಲೆಸಿ ಹೆಸರು ತಂದ ಊರು. ಜನ ಎದ್ದು ನಿಂತರು. ನೆರೆಯ ರೋಡ್ ಐಲೆಂಡ್ ಸಂಸ್ಥಾನದ ಚಾರ್ಲ್ಸ್‌ಟೌನಿನವರೂ ದನಿಗೂಡಿಸಿದರು. 2017ರ ಜುಲೈಯಲ್ಲಿ ಇಲಾಖೆಯು ಅಂತಿಮ ನಿರ್ಣಯದಿಂದ ಆ ಹಾದಿಯನ್ನು ಕೈಬಿಟ್ಟಿತು. ಬಾಸ್ಟನ್ನಿಗೆ ಹೋಗುವ ಲಕ್ಷಾಂತರ ಮಂದಿಯ ಸಮಯ ಒಂದು ಕಡೆ, ಅಲ್ಲಿ ಬಾಳುತ್ತಿರುವ ಕೆಲವು ಸಾವಿರ ಜನರ ಊರು ಇನ್ನೊಂದು ಕಡೆ. ಯಾರದು ತಪ್ಪೆಂದು ಸುಲಭವಾಗಿ ಹೇಳಲು ನನ್ನಿಂದಾಗದು.

ಕ್ಯಾಲಿಫೋರ್ನಿಯದವರು ಹಳೆಯ ಹಾದಿಯ ಗೊಡವೆಯೇ ಬೇಡವೆಂದು 220 ಮೈಲಿ ವೇಗದ ಹೊಸ ಹಾದಿಗೆ ಕೈಹಾಕಿದರು. 2008ರಲ್ಲಿ ಮತದಾರರು 995 ಕೋಟಿ ಡಾಲರುಗಳ ಸಾಲಕ್ಕೆ ಒಪ್ಪಿದರು. ಸಾನ್ ಫ್ರಾನ್ಸಿಸ್ಕೋದಿಂದ ಲಾಸ್ ಏಂಜಲೀಸಿಗೆ 2 ಗಂಟೆ 40 ನಿಮಿಷಗಳಲ್ಲಿ ತಲಪುವಂತಿರಬೇಕೆಂದು ಕಾಯಿದೆಯಲ್ಲೇ ಬರೆಯಲಾಯಿತು. ನಡುಕಣಿವೆಯ ಬಯಲಿನಲ್ಲಿ ಮೊದಲ 119 ಮೈಲಿಗಳಿಗೇ ಎರಡು ಸಾವಿರಕ್ಕೂ ಹೆಚ್ಚು ತುಂಡು ಜಮೀನುಗಳು ಬೇಕಾದವು. ಬಾದಾಮಿಯ ತೋಟವನ್ನು ಓರೆಯಾಗಿ ಸೀಳಿದರೆ ರೈತನು ಕಳೆದುಕೊಳ್ಳುವುದು ಹಳಿಯ ಅಗಲವನ್ನಷ್ಟೇ ಅಲ್ಲ. ನೀರಿನ ಕೊಳವೆಗಳು ತುಂಡಾಗುತ್ತವೆ, ಮೂಲೆಯ ನೆಲ ಉಳುಮೆಗೆ ಒದಗದಾಗುತ್ತದೆ. ಜಮೀನು ಕೈಗೆ ಬರುವ ಮೊದಲೇ ಗುತ್ತಿಗೆಗಳನ್ನು ಕೊಟ್ಟುದು ದೊಡ್ಡ ಎಡವಟ್ಟಾಯಿತು. ಕೆಲಸವಿಲ್ಲದೆ ಕಾದುದಕ್ಕೂ ಗುತ್ತಿಗೆದಾರರಿಗೆ ಹಣ ತೆರಬೇಕಾಯಿತು. 2008ರಲ್ಲಿ ಸುಮಾರು 3,300 ಕೋಟಿ ಡಾಲರೆಂದಿದ್ದ ಅಂದಾಜು ಹತ್ತು ಸಾವಿರ ಕೋಟಿಯನ್ನು ದಾಟಿತು. 2025ರ ಜುಲೈಯಲ್ಲಿ ಕೇಂದ್ರ ಸರಕಾರವು ತಾನು ಕೊಡಲೊಪ್ಪಿದ್ದ ಸುಮಾರು 400 ಕೋಟಿಯನ್ನು ಹಿಂತೆಗೆದುಕೊಂಡಿತು.

ನೆಲದ ಜಗಳವನ್ನೇ ತಪ್ಪಿಸುವ ಇನ್ನೊಂದು ಉಪಾಯವನ್ನು ‘ಬ್ರೈಟ್‌ಲೈನ್ ವೆಸ್ಟ್’ ಎಂಬ ಖಾಸಗಿ ಕಂಪನಿ ಹೂಡಿದೆ. ಲಾಸ್ ವೇಗಸ್‌ನಿಂದ ರಾಂಚೋ ಕುಕಮೊಂಗಾದವರೆಗೆ 218 ಮೈಲಿ. ಹೆಚ್ಚಿನ ಭಾಗ ಹೆದ್ದಾರಿಯ ಎರಡು ದಾರಿಗಳ ನಡುವಣ ಖಾಲಿ ಪಟ್ಟಿಯಲ್ಲಿ. 2024ರ ಏಪ್ರಿಲಿನಲ್ಲಿ ಶಂಕುಸ್ಥಾಪನೆಯಾಯಿತು. ಆದರೆ ಆ ಹೆದ್ದಾರಿಯ ತಿರುವುಗಳು 70 ಮೈಲಿ ವೇಗದ ಕಾರುಗಳಿಗೆಂದು ಎಳೆದವು. 70ರಿಂದ 200ಕ್ಕೆ ಏರಿದರೆ ತ್ರಿಜ್ಯವು ಎಂಟು ಮಡಿಗೂ ಮಿಗಿಲಾಗಬೇಕೆಂದು ನಮ್ಮ ಸೂತ್ರವು ಹೇಳುತ್ತದೆ. ಆದುದರಿಂದ ಗರಿಷ್ಠ ವೇಗ 200 ಮೈಲಿಯೆಂದಿದ್ದರೂ, ಕಂಪನಿಯು ಎಣಿಸಿರುವ ಪ್ರಯಾಣದ ಕಾಲ 2 ಗಂಟೆ 10 ನಿಮಿಷ. ಸರಾಸರಿ ವೇಗ ಗಂಟೆಗೆ 100 ಮೈಲಿಯಷ್ಟೆ. ಲಾಸ್ ಏಂಜಲೀಸಿಗೆ ಹೋಗಬೇಕಾದವನು ರಾಂಚೋ ಕುಕಮೊಂಗಾದಲ್ಲಿ ಇಳಿದು, ಮನೆಗಳು ಒತ್ತಾಗಿ ಕಟ್ಟಿರುವ ಉಳಿದ ಸುಮಾರು 40 ಮೈಲಿಗಳನ್ನು ಸ್ಥಳೀಯ ರೈಲಿನಲ್ಲಿ ಕಳೆಯಬೇಕು.