ಉಯಿಲು ಇದೆ, ಆಸ್ಪತ್ರೆಗೆ ತೋರಿಸುವ ಪತ್ರ?

"ಡಾಕ್ಟ್ರೇ, ಅಪ್ಪ ಎಲ್ಲಾ ಬರೆದಿಟ್ಟಿದ್ದಾರೆ. ಉಯಿಲು ರಿಜಿಸ್ಟರ್ ಕೂಡ ಆಗಿದೆ."

ಪಾರ್ಶ್ವವಾಯು ಬಡಿದು ವೆಂಟಿಲೇಟರ್ ಮೇಲಿದ್ದ ನಿವೃತ್ತ ಉಪಾಧ್ಯಾಯರೊಬ್ಬರ ಹಿರಿಯ ಮಗ ಹೇಳಿದ ಮಾತಿದು. ಮನೆ ಯಾರಿಗೆ, ತೋಟ ಯಾರಿಗೆ ಎಂಬುದೆಲ್ಲ ಉಯಿಲಿನಲ್ಲಿತ್ತು. ಆ ವಾರ ಬೇಕಾಗಿದ್ದ ಉತ್ತರವೇ ಬೇರೆ. ಮಿದುಳು ಚೇತರಿಸುವ ಭರವಸೆಯಿಲ್ಲದಾಗ ಯಂತ್ರ ಮುಂದುವರಿಸಬೇಕೇ? ಮಗಳು ಬೇಡವೆಂದಳು, ಕಿರಿಯ ಮಗ ಬೇಕೇ ಬೇಕೆಂದ. ತಾಯಿ ಬಾಯಿ ಬಿಡಲಿಲ್ಲ. ಹನ್ನೆರಡು ದಿನ ಹೀಗೇ ಕಳೆಯಿತು.

ಉಯಿಲು ಜಾರಿಗೆ ಬರುವುದು ಬರೆದವರು ತೀರಿಕೊಂಡ ಮೇಲೆ. ಬ್ಯಾಂಕಿನ ನಾಮಿನಿಯೂ ಅಷ್ಟೆ. ಸಾಮಾನ್ಯ ಪವರ್ ಆಫ್ ಅಟಾರ್ನಿ ಕೂಡ, ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ನಿಲ್ಲುವುದಿಲ್ಲ. ಬದುಕಿದ್ದೂ ಮಾತಾಡಲಾಗದ ದಿನಗಳಲ್ಲಿ ಚಿಕಿತ್ಸೆ ಹೇಗಿರಬೇಕೆಂದು ತಿಳಿಸುವುದು 'ಲಿವಿಂಗ್ ವಿಲ್'.

ಸುಪ್ರೀಂ ಕೋರ್ಟು 2018ರಲ್ಲಿ ಇದಕ್ಕೆ ಮಾನ್ಯತೆ ಕೊಟ್ಟಿತು. ಆಗ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರಲ್ಲಿ ನಿಯಮ ಸಡಿಲವಾಯಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಕರ್ನಾಟಕದ ಆರೋಗ್ಯ ಇಲಾಖೆ ಇದರ ಜಾರಿಗೆ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ.

ಪತ್ರವಿದ್ದ ಮಾತ್ರಕ್ಕೆ ನಾವು ಯಂತ್ರ ಕಿತ್ತುಬಿಡುವುದಿಲ್ಲ. ಚಿಕಿತ್ಸೆ ನೀಡುವ ವೈದ್ಯರೂ ಕನಿಷ್ಠ ಇಬ್ಬರು ತಜ್ಞರೂ ಇರುವ ಮಂಡಳಿ ಪರೀಕ್ಷಿಸಬೇಕು, ಎರಡನೆಯ ಮಂಡಳಿ ಒಪ್ಪಬೇಕು. ಪತ್ರದಲ್ಲಿ ಹೆಸರಿಸಿದವರ ಸಮ್ಮತಿಯೂ ಬೇಕು. ಇದು ಸಾಯಿಸುವ ಚುಚ್ಚುಮದ್ದಲ್ಲ. ನೋವು ತಗ್ಗಿಸುವ ಮದ್ದು, ಶುಶ್ರೂಷೆ ಕೊನೆಯವರೆಗೂ ನಡೆಯುತ್ತದೆ. ಪತ್ರವಿಲ್ಲದಿದ್ದರೂ ಮನೆಯವರ ಒಪ್ಪಿಗೆಯಿಂದ ಇದೇ ದಾರಿ ಉಂಟು. ಆದರೆ ಆ ಉಪಾಧ್ಯಾಯರ ಮನೆಯಂತೆ ಒಮ್ಮತವೇ ಇಲ್ಲದಿದ್ದರೆ?

'ನನಗೆ ಕಷ್ಟ ಕೊಡಬೇಡಿ' ಎಂದಷ್ಟೇ ಬರೆದರೆ ವೈದ್ಯರಿಗೆ ಏನೂ ತಿಳಿಯದು. ವೆಂಟಿಲೇಟರ್, ಡಯಾಲಿಸಿಸ್, ನಳಿಕೆಯ ಆಹಾರ, ಎದೆ ಒತ್ತಿ ಹೃದಯ ನಡೆಸುವುದು – ಇವು ಯಾವ ಸ್ಥಿತಿಯಲ್ಲಿ ಬೇಕು, ಯಾವಾಗ ಬೇಡ ಎಂದು ಬಿಡಿಸಿ ಬರೆಯಿರಿ. ನಿಮ್ಮ ಕುಟುಂಬ ವೈದ್ಯರನ್ನು ಕೂರಿಸಿಕೊಂಡು ಬರೆದರೆ ಇನ್ನೂ ಒಳ್ಳೆಯದು. ನಿಮ್ಮ ಪರವಾಗಿ ಮಾತಾಡುವವರು ಹಿರಿಯ ಮಗನೇ ಆಗಬೇಕೆಂಬ ಕಟ್ಟಳೆಯಿಲ್ಲ. ಒಬ್ಬರಿಗಿಂತ ಹೆಚ್ಚು ಜನರನ್ನೂ ಹೆಸರಿಸಬಹುದು. ಮನಸ್ಸು ಬದಲಾದರೆ ಪತ್ರವನ್ನು ಬರವಣಿಗೆಯಲ್ಲೇ ರದ್ದು ಮಾಡಬಹುದು.

ಒಂದೊಂದು ಪ್ರತಿ ಹೆಸರಿಸಿದವರಿಗೆ, ಕುಟುಂಬ ವೈದ್ಯರಿಗೆ, ಸ್ಥಳೀಯ ಸಂಸ್ಥೆಯ ನಿಯೋಜಿತ ಅಧಿಕಾರಿಗೆ ತಲುಪಲಿ. ಬ್ಯಾಂಕ್ ಲಾಕರಿನಲ್ಲಂತೂ ಇಡಬೇಡಿ. ರಾತ್ರಿ ಎರಡು ಗಂಟೆಗೆ ಆಸ್ಪತ್ರೆಗೆ ಓಡುವಾಗ ಅದು ಸಿಗದು. ಮನೆಯಲ್ಲಿ ಮರೆವು ಶುರುವಾದ ಹಿರಿಯರಿದ್ದರೆ ಈ ತಿಂಗಳೇ ಕೂತು ಮಾತಾಡಿ. ಸಹಿ ಹಾಕುವಾಗ ಅವರ ಬುದ್ಧಿ ಸ್ಪಷ್ಟವಾಗಿರಬೇಕು.