‘ಈಗ ಬ್ಯಾಸಗಿ, ಏನೂ ಆಗೂದಿಲ್ಲವ್ವಾ’

ಪ್ರಶ್ನೆ: ನಮ್ಮದು ಅಂಕಲಗಿ. ಮಗ ಬೆಂಗಳೂರಾಗ ನೌಕರಿ ಮಾಡ್ತಾನ. ಏಪ್ರಿಲ್‌ನಾಗ ಗೆಳೆಯಾರ ಕೂಡ ಹಿಮಾಲಯ ಹತ್ತಾಕ ಹೊಂಟಾನ. ಹನುಮಂತಪ್ಪ ಕೊಪ್ಪದ ಅವರ ಸುದ್ದಿ ಟೀವ್ಯಾಗ ನೋಡಿದಾಗಿಂದ ಹಿಮ ಅಂದ್ರ ನನಗ ಎದಿ ನಡಗತೈತಿ. ‘ಈಗ ಬ್ಯಾಸಗಿ, ಏನೂ ಆಗೂದಿಲ್ಲವ್ವಾ’ ಅಂತಾನ. ಬ್ಯಾಡಂದ್ರ ಸಿಟ್ಟಾಗ್ತಾನ. ಏನ ಮಾಡ್ಲಿ?
(ಹೆಸರು ಬೇಡ)

ಉತ್ತರ: ಅಕ್ಕಾರ, ಆ ಸುದ್ದಿ ನಾನೂ ಮರೆತಿಲ್ಲ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಕುಂದಗೋಳ ತಾಲ್ಲೂಕು ಬೆಟದೂರಿನ ಹನುಮಂತಪ್ಪ ಆರು ದಿನಗಳ ಮೇಲೆ ಜೀವಂತ ಸಿಕ್ಕರು, 11ರಂದು ತೀರಿಕೊಂಡರು. ಆದರೆ ಠಾಣೆ ಬಿಟ್ಟು ಇಳಿದು ಬರುವ ಸ್ವಾತಂತ್ರ್ಯ ಆ ಯೋಧರಿಗೆ ಇರಲಿಲ್ಲ. ನಿಮ್ಮ ಮಗನಿಗೆ ಇದೆ. ನೀವು ಮಾತಾಡಬೇಕಾದದ್ದು ಅದರ ಬಗ್ಗೆ.

‘ಬ್ಯಾಸಗಿ’ ಎಂಬ ಅವನ ಧೈರ್ಯ ಮಾತ್ರ ತಪ್ಪು. ಚಳಿಗಾಲವಿಡೀ ಒಂದರ ಮೇಲೊಂದು ಕೂತ ಹಿಮದ ಪದರಗಳ ನಡುವೆ ಒಂದಾದರೂ ಸಡಿಲ ಪದರ ಇದ್ದೀತು. ವಸಂತದಲ್ಲಿ ರಾತ್ರಿ ಹೆಪ್ಪುಗಟ್ಟಿ ಗಟ್ಟಿಯಾದ ಹಿಮ ಬಿಸಿಲೇರಿದಂತೆ ಕರಗಿ, ನೀರು ಒಳಗಿಳಿದು, ಪದರಗಳ ಹಿಡಿತ ಬಿಡುತ್ತದೆ. ಜೋಳದ ರಾಶಿಯ ಬುಡಕ್ಕೆ ಕಾಲಿಟ್ಟರೆ ಮೇಲಿನದು ಜಾರುವುದಿಲ್ಲವೇ, ಹಾಗೆ. 30ರಿಂದ 45 ಡಿಗ್ರಿಯ ಇಳಿಜಾರುಗಳಲ್ಲಿ ಇದು ಹೆಚ್ಚು. ಅದಕ್ಕೇ ಬಲ್ಲವರು ನಸುಕಿಗೂ ಮೊದಲೇ ಹೊರಟು, ಬಿಸಿಲು ಬಲಿಯುವ ಮುನ್ನ ಇಳಿಜಾರು ದಾಟಿರುತ್ತಾರೆ. ಹೊಸ ಹಿಮ ಬಿದ್ದರೆ ಒಂದೆರಡು ದಿನ ಅಂಥ ಕಡೆ ಹೆಜ್ಜೆ ಇಡುವುದಿಲ್ಲ. ಹೂತವರನ್ನು ಹದಿನೈದು ನಿಮಿಷದೊಳಗೆ ಅಗೆದು ತೆಗೆದರೆ ಉಳಿಯುವ ಆಸೆ ಬಹಳ; ಆಮೇಲೆ ಅದು ಬೇಗ ಬೇಗ ಕುಗ್ಗುತ್ತದೆ. ಹೊರಗಿನ ಸಹಾಯ ಅಷ್ಟರೊಳಗೆ ಬರಲಾರದು, ಪಕ್ಕದ ಗೆಳೆಯನೇ ಅಗೆಯಬೇಕು. ಹಿಮದ ಇಳಿಜಾರು ದಾಟುವ ದಾರಿಯಾದರೆ ಪ್ರತಿಯೊಬ್ಬರ ಬಳಿಯೂ ಸುಳಿವು ಕೊಡುವ ಬೀಕನ್, ಚುಚ್ಚಿ ನೋಡುವ ಕೋಲು, ಸಲಿಕೆ ಇರಬೇಕು.

ಕುಸಿತವೊಂದೇ ಅಪಾಯವಲ್ಲ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ದಾರಿಯಲ್ಲಿ, ಹೆಚ್ಚಿನವರು ಕರ್ನಾಟಕದವರೇ ಇದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕು 9 ಮಂದಿ ತೀರಿಕೊಂಡರು. ಜೂನ್ ತಿಂಗಳು, ಅಕ್ಕಾರ! ನಮ್ಮಲ್ಲಿ ಬಿಸಿಲಿದ್ದರೂ ಘಟ್ಟದ ಮಳೆಗೆ ಲೋಳಸೂರ ಸೇತುವೆ ಮುಳುಗುವುದನ್ನು ನೀವು ಕಂಡವರು. ಬೆಳಗಿನ ನೀಲಿ ಆಕಾಶ ನೋಡಿ ಬೆಟ್ಟವನ್ನು ಅಳೆಯಬಾರದೆಂದು ಮಗನಿಗೆ ನೀವೇ ಹೇಳಬಲ್ಲಿರಿ.

‘ಹೋಗಬ್ಯಾಡ’ ಎನ್ನಬೇಡಿ, ಮುಚ್ಚಿಟ್ಟು ಹೋದಾನು. ಊಟಕ್ಕೆ ಕೂತಾಗ ಕೇಳಿ: ಹವಾಮಾನ ಇಲಾಖೆಯ ಎಚ್ಚರಿಕೆಯನ್ನು ದಿನಾ ನೋಡುವವರು ಯಾರು? ಸ್ಥಳೀಯ ಗೈಡ್ ಇದ್ದಾನೇನು? ಯಾವ ಹೊತ್ತಿಗೆ, ಎಲ್ಲಿದ್ದರೂ, ತಿರುಗಿ ಬರ್ತೀರಿ? ಗೈಡ್ ‘ಸಾಕು’ ಅಂದರೆ ತುದಿ ಕಣ್ಣೆದುರಿದ್ದರೂ ಇಳೀತೀಯೇನು?

ಕೊನೆಯದಕ್ಕೆ ಅವನು ತಡಮಾಡದೆ ಹೂಂ ಅಂದರೆ ಬುತ್ತಿ ಕಟ್ಟಿ ಕಳಿಸಿ. ತಡವರಿಸಿದರೆ, ಈ ವರ್ಷ ಬೇಡವೆಂದು ಹೇಳಲು ನಿಮಗೆ ಪೂರ್ತಿ ಹಕ್ಕಿದೆ. ಕಟ್ಟಿದ ಹಣ ಹೋದರೂ ಹೋಗಲಿ.