ಪದೇ ಪದೇ ಕೇಳುವ ಕಂಪ್ಯೂಟರು

ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವು 1891ರಲ್ಲಿ ಸ್ಥಾಪಿತವಾಯಿತು. ಕೌಟಿಲ್ಯನ ‘ಅರ್ಥಶಾಸ್ತ್ರ’ದ ಓಲೆಪ್ರತಿಯನ್ನು ಅಲ್ಲಿ ಗುರುತಿಸಿದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅದನ್ನು ಮುದ್ರಿಸಿ ಪ್ರಕಟಿಸಿದರು. ಅಂತಹ ಗ್ರಂಥಭಂಡಾರದಲ್ಲಿ ಓದುಗನೊಬ್ಬನು ಸಾಲುಸಾಲಿಗೂ ಎದ್ದುಹೋಗಿ, “ಈ ಗ್ರಂಥವೇನಾದರೂ ಬದಲಾಯಿತೆ?” ಎಂದು ಗ್ರಂಥಪಾಲಕರನ್ನು ಕೇಳುತ್ತಿದ್ದರೆ ಹೇಗಾದೀತು? ಅಂಥವರು ನಲವತ್ತು ಮಂದಿ ಸೇರಿದರೆ ಗ್ರಂಥಪಾಲಕರಿಗೆ ಗ್ರಂಥ ಕೊಡುವುದಕ್ಕೇ ಬಿಡುವು ಸಿಗದು. ಕಂಪ್ಯೂಟರ್ ಜಾಲದಲ್ಲಿಯೂ ಇಂತಹ ಪರಿಸ್ಥಿತಿ ಒದಗುವುದುಂಟು.

ಕಡತಗಳನ್ನೆಲ್ಲ ಸರ್ವರ್ ಎಂಬ ಒಂದೇ ಯಂತ್ರದಲ್ಲಿಟ್ಟು, ಉಳಿದ ಯಂತ್ರಗಳು ಅವನ್ನು ತಮ್ಮವೇ ಎಂಬಂತೆ ಬಳಸುವ ಏರ್ಪಾಡಿಗೆ ಎನ್‌ಎಫ್‌ಎಸ್ ಎಂದು ಹೆಸರು. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು 1980ರ ದಶಕದಲ್ಲಿ ಇದನ್ನು ರೂಪಿಸಿತು. ಹೀಗೆ ಬಳಸುವ ಯಂತ್ರವೇ ಕ್ಲಯಂಟ್. ಕಡತದ ಗಾತ್ರವೆಷ್ಟು, ಅದು ಕೊನೆಗೆ ಬದಲಾದುದೆಂದು ಎಂಬ ವಿವರಗಳನ್ನು ಕ್ಲಯಂಟು ‘ಗೆಟ್‌ಆಟ್ರ್’ ಎಂಬ ಕೋರಿಕೆಯಿಂದ ತಿಳಿದುಕೊಳ್ಳುತ್ತದೆ. ತಿಳಿದುದನ್ನು ಕೆಲವು ಸೆಕೆಂಡುಗಳ ಕಾಲ ನೆನಪಿನಲ್ಲಿಟ್ಟುಕೊಳ್ಳುತ್ತದೆ. ಲಿನಕ್ಸ್ ವ್ಯವಸ್ಥೆಯಲ್ಲಿ ಸಾಧಾರಣ ಕಡತಕ್ಕೆ ಈ ಅವಧಿ 3ರಿಂದ 60 ಸೆಕೆಂಡು.

ಈಗ ಮೈಸೂರಿನ ಕಾಲೇಜೊಂದರ ಪ್ರಯೋಗಶಾಲೆಯನ್ನು ಕಲ್ಪಿಸಿಕೊಳ್ಳೋಣ. ಅಲ್ಲಿ 40 ಕಂಪ್ಯೂಟರುಗಳಿವೆ. ಒಂದೊಂದರಲ್ಲಿಯೂ ಒಂದು ಪ್ರೋಗ್ರಾಮು 500 ಕಡತಗಳ ವಿವರಗಳನ್ನು ಸೆಕೆಂಡಿಗೊಮ್ಮೆ ನೋಡುತ್ತಿದೆ. ಬದಲಾವಣೆ ಒಡನೆಯೇ ಕಾಣಲೆಂದು ಯಾರೋ ‘ನೋಎಸಿ’ ಎಂಬ ಆಯ್ಕೆಯಿಂದ ಆ ನೆನಪನ್ನು ನಿಲ್ಲಿಸಿದ್ದಾರೆ. ಆಗ ಸರ್ವರಿಗೆ ಸೆಕೆಂಡಿಗೆ 20,000 ಕೋರಿಕೆಗಳು ಬರುತ್ತವೆ. ನೆನಪು 60 ಸೆಕೆಂಡು ಉಳಿಯುವಂತಿದ್ದರೆ ಸರಾಸರಿ ಸುಮಾರು 333 ಮಾತ್ರ! ಪರೀಕ್ಷೆಯ ಹಿಂದಿನ ದಿನ ವಿದ್ಯಾರ್ಥಿಯ ಕೆಲಸ ನಿಂತುಹೋದರೆ, ಹೊಸ ಸರ್ವರನ್ನು ಕೊಳ್ಳಬೇಕೆಂದು ಅವಸರಪಡಬಾರದು. ಮೊದಲು ಕಾರಣವನ್ನು ಹುಡುಕಬೇಕು.

ಹುಡುಕುವ ಕ್ರಮವಿದು. ‘ಎನ್‌ಎಫ್‌ಎಸ್‌ಸ್ಟ್ಯಾಟ್’ ಎಂಬ ಆಜ್ಞೆಯು ಯಾವ ಬಗೆಯ ಕೋರಿಕೆ ಎಷ್ಟೆಂಬುದನ್ನು ತೋರಿಸುತ್ತದೆ. ಹತ್ತು ಸೆಕೆಂಡುಗಳ ಅಂತರದಲ್ಲಿ ಎರಡು ಬಾರಿ ನೋಡಿ, ವ್ಯತ್ಯಾಸವನ್ನು ಲೆಕ್ಕಹಾಕಬೇಕು. ಗೆಟ್‌ಆಟ್ರ್ ವಿಪರೀತವಾಗಿದ್ದರೆ ನೆನಪಿನ ಅವಧಿಯನ್ನೂ, ಕಡತಗಳನ್ನು ಮತ್ತೆ ಮತ್ತೆ ತೆರೆಯುವ ಪ್ರೋಗ್ರಾಮುಗಳನ್ನೂ ಪರಿಶೀಲಿಸಬೇಕು. ಏಕೆಂದರೆ ಕಡತವನ್ನು ತೆರೆಯುವಾಗ ನೆನಪಿದ್ದರೂ ಸಾಮಾನ್ಯವಾಗಿ ಸರ್ವರನ್ನು ಕೇಳಲಾಗುತ್ತದೆ. ‘ಲುಕಪ್’ ಹೆಚ್ಚಿದ್ದರೆ ಯಾವುದೋ ಪ್ರೋಗ್ರಾಮು ಒಂದು ಹೆಸರಿಗಾಗಿ ಹಲವು ಕೋಶಗಳನ್ನು ತಡಕುತ್ತಿರಬಹುದು. ಮರುಕಳುಹಿಕೆಗಳು ಏರುತ್ತಿದ್ದರೆ ಜಾಲದಲ್ಲಿ ನಷ್ಟವೋ ಸರ್ವರಿನಲ್ಲಿ ವಿಳಂಬವೋ ಇರಬಹುದು. ಬಳಿಕ ಕ್ಲಯಂಟುಗಳ ಲೆಕ್ಕವನ್ನು ಹೋಲಿಸಿ ಹೆಚ್ಚು ಕೇಳುವ ಯಂತ್ರವನ್ನೂ, ಅಲ್ಲಿ ಪ್ರೋಗ್ರಾಮುಗಳನ್ನು ಒಂದೊಂದಾಗಿ ನಿಲ್ಲಿಸಿ ಕಾರಣವಾದುದನ್ನೂ ಗುರುತಿಸಬಹುದು.

ಹಾಗಾದರೆ ನೆನಪಿನ ಅವಧಿಯನ್ನು ಎಲ್ಲೆಡೆಯೂ ಹೆಚ್ಚಿಸಿಬಿಡಬಹುದೆ? ಕೂಡದು. ಓಲೆಗರಿಯಂತೆ ಬದಲಾಗದ ಕಡತಗಳಿಗೆ ದೀರ್ಘಾವಧಿ ಸರಿ. ಹಲವರು ತಿದ್ದುವ ಅಂಕಪಟ್ಟಿಗೆ ಅದು ಅಪಾಯಕರ. ಒಬ್ಬರು ತಿದ್ದಿದುದನ್ನು ಕಾಣದೆ ಮತ್ತೊಬ್ಬರು ಹಳೆಯ ಅಂಕವನ್ನೇ ಬರೆದುಬಿಟ್ಟಾರು. ಅಲ್ಲಿ ಬರೆಯುವವರು ಕಡತಕ್ಕೆ ಬೀಗಮುದ್ರೆ ಹಾಕುವ ಏರ್ಪಾಡಿರಬೇಕು. ಕಡಿಮೆ ಕೇಳಿದಷ್ಟೂ ವೇಗ ಹೆಚ್ಚು, ಹೊಸತನ ಕಡಿಮೆ. ಯಾವ ಕಡತಕ್ಕೆ ಯಾವುದು ಬೇಕೆಂದು ವಿವೇಚಿಸುವ ಕೆಲಸ ಮಾತ್ರ ನಮ್ಮದೇ.